ಒಂದು ಮೂಲ, ಹಲವು ಕವಲು: ಮನೆಯ ಗಣಕಯಂತ್ರಕ್ಕೆ ಯುಎಸ್‌ಬಿ ಹಬ್

ಬಸವಾದಿ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ಬಲ್ಲ ನಮ್ಮ ಮನೆತನಗಳಲ್ಲಿ ಕಾಯಕದ ಉಪಕರಣಗಳಿಗೂ ಒಂದು ಗೌರವವಿದೆ. ನೇಗಿಲಾಗಲಿ, ತಕ್ಕಡಿಯಾಗಲಿ, ಮಗ್ಗವಾಗಲಿ, ನಮ್ಮ ಹಿರಿಯರು ಅದನ್ನು ನೋಡಿ, ಮುಟ್ಟಿ, ಪರೀಕ್ಷಿಸಿ ಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಒರೆಸಿ ಒಪ್ಪವಾಗಿ ಇಡುತ್ತಿದ್ದರು. ಇಂದು ಅವೇ ಮನೆಗಳ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಂದು ಕುಳಿತಿದೆ. ಅಂಗಡಿಯ ಲೆಕ್ಕ, ಮಕ್ಕಳ ಪಾಠ, ಮದುವೆಯ ಭಾವಚಿತ್ರ, ಪೂಜ್ಯರ ಪ್ರವಚನಗಳ ಧ್ವನಿಮುದ್ರಣ, ಎಲ್ಲವೂ ಅದರೊಳಗೆ ಸೇರಿವೆ. ಲ್ಯಾಪ್‌ಟಾಪನ್ನು ನಾವು ಹತ್ತು ಜನರನ್ನು ಕೇಳಿ ಕೊಳ್ಳುತ್ತೇವೆ. ಆದರೆ ಅದರ ಮಗ್ಗುಲಿಗೆ ತೂಗುವ ಯುಎಸ್‌ಬಿ ಹಬ್ ಎಂಬ ಅಂಗೈಯಗಲದ ಸಾಧನವನ್ನು ಮಾತ್ರ ಬಣ್ಣ ನೋಡಿ, ಬೆಲೆ ನೋಡಿ, ಚೀಲಕ್ಕೆ ಹಾಕಿಕೊಂಡು ಬರುತ್ತೇವೆ. ಈ ಅಲಕ್ಷ್ಯದಿಂದ ಆಗುವ ಹಾನಿ ಕೆಲವೊಮ್ಮೆ ಸಾಧನದ ಬೆಲೆಗಿಂತ ಬಹಳ ದೊಡ್ಡದು. ಆದುದರಿಂದ ಹಬ್ ಎಂದರೇನು, ಅದನ್ನು ಹೇಗೆ ಆರಿಸಬೇಕು, ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಕೂಡುದಾರಿಯ ಗುಣ

ವಿಜಯಪುರದ ಗಾಂಧಿ ಚೌಕವನ್ನು ಬಲ್ಲವರಿಗೆ ಹಬ್ಬಿನ ಅರ್ಥವನ್ನು ತಿಳಿಸುವುದು ಸುಲಭ. ಶ್ರೀ ಸಿದ್ಧೇಶ್ವರ ದೇವಾಲಯಕ್ಕೆ ಹೋಗುವ ಭಕ್ತರು, ತಿಕೋಟಾ ಮತ್ತು ಬಬಲೇಶ್ವರದ ಕಡೆಯಿಂದ ಸರಕು ಕೊಳ್ಳಲು ಬಂದ ರೈತರು, ಅಂಗಡಿಕಾರರು, ವಿದ್ಯಾರ್ಥಿಗಳು, ಎಲ್ಲರೂ ಆ ಚೌಕವನ್ನು ಹಾದು ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಹಲವು ಬೀದಿಗಳನ್ನು ಒಂದುಗೂಡಿಸುವುದು ಚೌಕದ ಗುಣ. ಆದರೆ ಸಂಕ್ರಾಂತಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಜನ ನೆರೆದಾಗ ಚೌಕದ ಅಗಲವೇನೂ ಹೆಚ್ಚುವುದಿಲ್ಲ. ನಡಿಗೆ ನಿಧಾನವಾಗುತ್ತದೆ, ಅಷ್ಟೆ. ಹಬ್ಬಿನ ಗುಣವೂ ಇದೇ. ಲ್ಯಾಪ್‌ಟಾಪಿನ ಒಂದು ಯುಎಸ್‌ಬಿ ಕಿಂಡಿಯನ್ನು ಅದು ನಾಲ್ಕಾಗಿಯೋ ಏಳಾಗಿಯೋ ಕವಲೊಡೆಸುತ್ತದೆ. ಕಿಂಡಿಗಳ ಸಂಖ್ಯೆ ಹೆಚ್ಚುತ್ತದೆ. ಮೂಲ ಕಿಂಡಿಯಿಂದ ಬರುವ ವಿದ್ಯುತ್ತಾಗಲಿ, ಅದರಲ್ಲಿ ಹರಿಯುವ ಮಾಹಿತಿಯ ವೇಗವಾಗಲಿ ಹೆಚ್ಚುವುದಿಲ್ಲ. ಹಬ್ ಹಂಚುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಈ ಲೇಖನದಲ್ಲಿ ಮುಂದೆ ಬರುವ ಎಲ್ಲ ಮಾತುಗಳೂ ಈ ಒಂದು ಮಾತಿನ ವಿಸ್ತಾರವೇ ಆಗಿವೆ.

ಹಂಚುವ ಈ ವಿದ್ಯೆ ನಮ್ಮ ಊರಿಗೆ ಹೊಸದಲ್ಲ. ಆದಿಲ್‌ಶಾಹಿ ಅರಸರ ಕಾಲದಲ್ಲಿ, 1651ರಲ್ಲಿ, ನಗರದ ದಕ್ಷಿಣಕ್ಕೆ ಬೇಗಂ ತಾಲಾಬ್ ನಿರ್ಮಾಣವಾಯಿತು. ಅಲ್ಲಿಂದ ನೆಲದೊಳಗೆ ಹೂಳಿದ ಮಣ್ಣಿನ ಕೊಳವೆಗಳಲ್ಲಿ ನೀರು ನಗರಕ್ಕೆ ಹರಿದು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂದು ಕರೆಯುವ ಎತ್ತರದ ಚೌಕಾಕಾರದ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯ ಒತ್ತಡವನ್ನು ತಗ್ಗಿಸಿ, ಕೆಸರನ್ನು ತಳಕ್ಕೆ ಕೂರಿಸಿ, ನೀರನ್ನು ಮುಂದಕ್ಕೆ ಸಾಗಿಸುವುದು ಅವುಗಳ ಕೆಲಸ. ಅಂಥ ಗೋಪುರಗಳಲ್ಲಿ ಕೆಲವನ್ನು ಇಂದಿಗೂ ನಗರದಲ್ಲಿ ನೋಡಬಹುದು. ಮೂಲದಲ್ಲಿ ಎಷ್ಟು ನೀರಿದೆ, ಯಾವ ಕೊಳವೆ ಎಷ್ಟನ್ನು ತಾಳಬಲ್ಲದು ಎಂಬ ಲೆಕ್ಕವಿಲ್ಲದೆ ಕವಲು ತೆಗೆದರೆ ಕೊನೆಯ ಓಣಿಗೆ ನೀರು ಮುಟ್ಟುವುದಿಲ್ಲವೆಂಬುದನ್ನು ಆ ಶಿಲ್ಪಿಗಳು ಬಲ್ಲವರಾಗಿದ್ದರು. ಮೇಜಿನ ಮೇಲಿನ ಹಬ್ಬಿಗೂ ಅದೇ ಲೆಕ್ಕ ಬೇಕು.

ಒಂದು ಮನೆಯಲ್ಲಿ ನಡೆದದ್ದು

ಲೆಕ್ಕ ತಪ್ಪಿದರೆ ಏನಾದೀತು ಎಂಬುದಕ್ಕೆ ನಾನು ಹತ್ತಿರದಿಂದ ಬಲ್ಲ ಒಂದು ಉದಾಹರಣೆಯನ್ನು ಹೇಳುತ್ತೇನೆ. ಚೌಕಕ್ಕೆ ಸಮೀಪದ ಒಂದು ಹಳೆಯ ಓಣಿಯ ಮನೆ, ಹೆಸರು ಬೇಡ. ಮನೆಯ ಹಿರಿಯರು ಅಟ್ಟದ ಮೇಲಿದ್ದ ಎರಡು ತಾಡೋಲೆಯ ಕಟ್ಟುಗಳನ್ನೂ ಹಳೆಯ ಕಾಗದಪತ್ರಗಳನ್ನೂ ಇಳಿಸಿ, ಅವುಗಳ ಚಿತ್ರ ತೆಗೆದಿಡುವಂತೆ ಮೊಮ್ಮಕ್ಕಳಿಗೆ ಹೇಳಿದರು. ಮಕ್ಕಳು ಶ್ರಾವಣ ಮಾಸವೆಲ್ಲ ಶ್ರದ್ಧೆಯಿಂದ ಆ ಕೆಲಸ ಮಾಡಿದರು. ಅದೇ ಫೋನಿನಲ್ಲಿ, ಹಿಂದಿನ ವರ್ಷ ಲಿಂಗೈಕ್ಯರಾದ ಅಜ್ಜಿಯ ಧ್ವನಿಯೂ ಇತ್ತು. ಆಕೆ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಯಾರೋ ಮುದ್ರಿಸಿಕೊಂಡಿದ್ದರು.

ಫೋನು ತುಂಬಿದ್ದರಿಂದ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಸಾಗಿಸಲು ತೊಡಗಿದರು. ಲ್ಯಾಪ್‌ಟಾಪಿಗೆ ಒಂದು ಚಿಕ್ಕ ಹಬ್; ಅದಕ್ಕೆ ಸ್ವಂತ ವಿದ್ಯುತ್ ಸಂಪರ್ಕವಿಲ್ಲ. ಆ ಒಂದೇ ಹಬ್ಬಿಗೆ ಕೀಲಿಮಣೆ, ಮೌಸ್, ಫೋನು ಮತ್ತು ಹಾರ್ಡ್‌ಡಿಸ್ಕು. ಫೋನು ಮಾಹಿತಿಯನ್ನು ಕೊಡುತ್ತ, ಜೊತೆಗೇ ತಾನು ಚಾರ್ಜ್ ಆಗುತ್ತ ಇತ್ತು. ಹಾರ್ಡ್‌ಡಿಸ್ಕಿನೊಳಗಿಂದ ಟಿಕ್ ಟಿಕ್ ಎಂಬ ಸದ್ದು ಬಂತು. ಪರದೆಯ ಮೇಲೆ ಅದರ ಹೆಸರು ಮಾಯವಾಗಿ ಮತ್ತೆ ಕಾಣಿಸಿಕೊಂಡಿತು. ಮಕ್ಕಳು ಪ್ರತಿ ಮಾಡುವ ಬದಲು ಕಡತಗಳನ್ನು ಕತ್ತರಿಸಿ ಅಂಟಿಸುವ ಕ್ರಮವನ್ನು ಅನುಸರಿಸಿದ್ದರು. ಹೀಗಾಗಿ ಕೆಲವು ಕಡತಗಳು ಫೋನಿನಿಂದ ಅಳಿದುಹೋಗಿದ್ದವು, ಡಿಸ್ಕಿನಲ್ಲಿ ಕೆಟ್ಟು ಕುಳಿತಿದ್ದವು. ತಾಡೋಲೆಗಳು ಮನೆಯಲ್ಲಿಯೇ ಇದ್ದುದರಿಂದ ಚಿತ್ರಗಳನ್ನು ಮತ್ತೆ ತೆಗೆಯಲಾಯಿತು. ಅಜ್ಜಿಯ ಧ್ವನಿ ಮರಳಲಿಲ್ಲ.

ಇಲ್ಲಿ ಯಾವ ಸಾಧನವೂ ಹಾಳಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಅದೇ ಹಬ್ಬಿನಲ್ಲಿ ಕೀಲಿಮಣೆ ಮತ್ತು ಮೌಸ್ ಇಂದಿಗೂ ಚೆನ್ನಾಗಿ ನಡೆಯುತ್ತಿವೆ. ತಾಳಲಾರದ ಭಾರವನ್ನು ಹೊರಿಸಿದ್ದೇ ದೋಷ.

ಯುಎಸ್‌ಬಿ ಬಂದ ಬಗೆ

ಗಣಕಯಂತ್ರಕ್ಕೆ ಮೊದಲು ಒಂದೊಂದು ಉಪಕರಣಕ್ಕೂ ಒಂದೊಂದು ಬಗೆಯ ಕಿಂಡಿಯಿತ್ತು. ಮುದ್ರಣಯಂತ್ರಕ್ಕೆ ಅಗಲವಾದದ್ದು, ಕೀಲಿಮಣೆಗೆ ದುಂಡನೆಯದು, ಮೋಡೆಮ್ಮಿಗೆ ಇನ್ನೊಂದು. ಈ ತೊಡಕನ್ನು ನಿವಾರಿಸಲು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಮೊದಲಾದ ಏಳು ಕಂಪನಿಗಳು ಕೂಡಿ ಒಂದೇ ಬಗೆಯ ಕಿಂಡಿಯನ್ನು ರೂಪಿಸಿದವು. ಅದರ ಮೊದಲ ನಿಯಮಾವಳಿ 1996ರ ಜನವರಿಯಲ್ಲಿ ಪ್ರಕಟವಾಯಿತು. ಇಂಟೆಲ್ ಕಂಪನಿಯಲ್ಲಿ ಈ ಕಾರ್ಯದ ಮುಂಚೂಣಿಯಲ್ಲಿದ್ದವರು ಬಡೋದೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಭಾರತೀಯ ಮೂಲದ ಅಜಯ ಭಟ್ಟರು ಎಂಬುದು ನಮಗೆ ಹೆಮ್ಮೆಯ ವಿಷಯ.

ಆರಂಭದಲ್ಲಿ ಇದರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. 2000ರಲ್ಲಿ ಬಂದ ಯುಎಸ್‌ಬಿ 2.0 ಇದನ್ನು 480 ಮೆಗಾಬಿಟ್ಟಿಗೆ ಏರಿಸಿತು. 2008ರ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್, ಅಂದರೆ 5,000 ಮೆಗಾಬಿಟ್ ವೇಗವನ್ನು ತಂದಿತು. 2013ರಲ್ಲಿ ಅದು 10 ಗಿಗಾಬಿಟ್ ಆಯಿತು. ಎರಡೂ ಮಗ್ಗುಲಿನಿಂದ ಸೇರಿಸಬಹುದಾದ ಚಿಕ್ಕ ಅಂಡಾಕಾರದ ಟೈಪ್-ಸಿ ಕಿಂಡಿ ಬಂದದ್ದು 2014ರಲ್ಲಿ. ಟೈಪ್-ಸಿ ಎಂಬುದು ಕಿಂಡಿಯ ಆಕಾರದ ಹೆಸರು, ವೇಗದ ಹೆಸರಲ್ಲ. ಅದೇ ಆಕಾರದ ಕಿಂಡಿಯಲ್ಲಿ ಮಂದಗತಿಯ 2.0 ಇರಬಹುದು, ತೀವ್ರಗತಿಯ 3.2 ಕೂಡ ಇರಬಹುದು. ಕೊಳ್ಳುವವರು ಎಡವುವ ಮೊದಲ ಸ್ಥಳ ಇದು.

ವಿದ್ಯುತ್ತಿನ ಲೆಕ್ಕ

ಯುಎಸ್‌ಬಿ ಕಿಂಡಿಯಿಂದ ಮಾಹಿತಿಯೊಂದಿಗೆ 5 ವೋಲ್ಟಿನ ವಿದ್ಯುತ್ತೂ ಹರಿಯುತ್ತದೆ. ನಿಯಮದಂತೆ 2.0 ಕಿಂಡಿಯೊಂದು ಕೊಡಬೇಕಾದುದು 500 ಮಿಲಿ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. 3.0 ಕಿಂಡಿ ಕೊಡಬೇಕಾದುದು 900 ಮಿಲಿ ಆಂಪಿಯರ್, ಅಂದರೆ ನಾಲ್ಕೂವರೆ ವ್ಯಾಟ್. ಟೈಪ್-ಸಿ ಕಿಂಡಿಗಳಲ್ಲಿ ಕೆಲವು ಇದಕ್ಕಿಂತ ಹೆಚ್ಚು ಕೊಡಬಲ್ಲವು, ಎಲ್ಲವೂ ಅಲ್ಲ.

ಸ್ವಂತ ವಿದ್ಯುತ್ ಇಲ್ಲದ ಹಬ್ಬನ್ನು 2.0 ಕಿಂಡಿಗೆ ಜೋಡಿಸಿದೆವೆನ್ನಿ. ದೊರೆಯುವ 500ರಲ್ಲಿ 100 ಮಿಲಿ ಆಂಪಿಯರನ್ನು ಹಬ್ಬಿಗೆಂದು ತೆಗೆದಿರಿಸಿದರೆ ಉಳಿದದ್ದು 400. ಅದನ್ನು ನಾಲ್ಕು ಕಿಂಡಿಗಳಿಗೆ ಹಂಚಿದರೆ ಒಂದೊಂದಕ್ಕೆ ದಕ್ಕುವುದು 100 ಮಿಲಿ ಆಂಪಿಯರ್ ಮಾತ್ರ. ತಂತಿಯ ಕೀಲಿಮಣೆ, ಮೌಸ್, ತೆರಿಗೆಯ ಕೆಲಸಕ್ಕೆ ಬಳಸುವ ಡಿಜಿಟಲ್ ಸಹಿಯ ಟೋಕನ್, ಇವುಗಳಿಗೆ ಇಷ್ಟು ಸಾಮಾನ್ಯವಾಗಿ ಸಾಕು. ಮುದ್ರಣಯಂತ್ರವು ತನ್ನ ವಿದ್ಯುತ್ತನ್ನು ಗೋಡೆಯಿಂದಲೇ ಪಡೆಯುವುದರಿಂದ ಅದರ ಭಾರವೂ ಹಬ್ಬಿನ ಮೇಲೆ ಬೀಳುವುದಿಲ್ಲ. ಆದರೆ ಒಳಗೆ ತಟ್ಟೆ ತಿರುಗುವ ಹಾರ್ಡ್‌ಡಿಸ್ಕು ಹೊರಡುವ ಕ್ಷಣದಲ್ಲಿ ತಾನೊಂದೇ 900 ಮಿಲಿ ಆಂಪಿಯರಿನಷ್ಟು ಅಥವಾ ಅದಕ್ಕೂ ಹೆಚ್ಚು ಬೇಡಬಹುದು. ಕಿಂಡಿಯ ವಿದ್ಯುತ್ತಿನಿಂದಲೇ ನಡೆಯುವ ತೆಳುವಾದ ಸ್ಕ್ಯಾನರ್ ಒಂದು ಕಿಂಡಿಯ ಇಡೀ ಪಾಲನ್ನು ತಾನೇ ಬಳಸಬಹುದು. ಇವನ್ನು ಇಂಥ ಹಬ್ಬಿಗೆ ಹಾಕುವುದು ಒಂದು ಎತ್ತಿಗೆ ನಾಲ್ಕು ಬಂಡಿಯ ಭಾರ ಹೇರಿದಂತೆ.

ಆದುದರಿಂದ ಹಬ್ಬುಗಳಲ್ಲಿ ಎರಡು ಜಾತಿ ಎಂದು ತಿಳಿಯಬೇಕು. ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಪಡೆಯುವುದು ಒಂದು. ಗೋಡೆಯ ಪ್ಲಗ್ಗಿನಿಂದ ಸ್ವಂತ ಅಡಾಪ್ಟರ್ ಮೂಲಕ ವಿದ್ಯುತ್ ಪಡೆಯುವುದು ಇನ್ನೊಂದು. ನಮ್ಮ ರೈತಬಂಧುಗಳಿಗೆ ಇದನ್ನು ನೀರಾವರಿಯ ಮಾತಿನಲ್ಲಿ ಹೇಳಬಹುದು. ಇಳಿಜಾರಿನಲ್ಲಿ ತಾನಾಗಿ ಹರಿಯುವ ಕಾಲುವೆ ತಗ್ಗಿನ ಹೊಲಕ್ಕೆ ಸಾಕು. ಎತ್ತರದ ನೆಲಕ್ಕೆ ಕೃಷ್ಣೆಯ ನೀರು ಮುಟ್ಟಬೇಕಾದರೆ ತುಬಚಿ-ಬಬಲೇಶ್ವರದಂಥ ಏತ ನೀರಾವರಿಯೇ ಬೇಕು. ನೀರೆತ್ತಲು ಪಂಪಿನ ಸ್ವಂತ ಶಕ್ತಿ ಬೇಕು. ಹಾರ್ಡ್‌ಡಿಸ್ಕು, ಸ್ಕ್ಯಾನರುಗಳು ಎತ್ತರದ ಹೊಲಗಳಿದ್ದಂತೆ. ಅವುಗಳಿಗೆ ಸ್ವಂತ ವಿದ್ಯುತ್ತಿನ ಹಬ್ಬೇ ಯೋಗ್ಯ.

ಸ್ವಂತ ವಿದ್ಯುತ್ತಿನದಾದರೂ ಅಡಾಪ್ಟರಿನ ಶಕ್ತಿಯನ್ನು ಓದಿ ನೋಡಬೇಕು. 3.0 ಬಗೆಯ ನಾಲ್ಕು ಕಿಂಡಿಗಳಿಗೂ ಪೂರ್ಣ ಪಾಲು ದೊರೆಯಬೇಕಾದರೆ 900ರಂತೆ ನಾಲ್ಕು, ಅಂದರೆ 3,600 ಮಿಲಿ ಆಂಪಿಯರ್ ಬೇಕು. ಹಬ್ಬಿನ ಸ್ವಂತ ಖರ್ಚು ಸೇರಿಸಿ 5 ವೋಲ್ಟ್, 4 ಆಂಪಿಯರಿನ ಅಡಾಪ್ಟರ್ ಇದ್ದರೆ ಲೆಕ್ಕ ಸರಿಹೋಗುತ್ತದೆ. ಅದೇ ನಾಲ್ಕು ಕಿಂಡಿಯ ಹಬ್ಬಿಗೆ 2 ಆಂಪಿಯರಿನ ಅಡಾಪ್ಟರ್ ಕೊಟ್ಟಿದ್ದರೆ, ಎರಡು ಡಿಸ್ಕುಗಳನ್ನು ಏಕಕಾಲಕ್ಕೆ ಹಾಕಿದರೂ ಅದು ಏದುಸಿರು ಬಿಡುವ ಸಂಭವವಿದೆ. ಹತ್ತು ಕಿಂಡಿಯ ಹಬ್ ಎಂಬ ದೊಡ್ಡ ಅಕ್ಷರಗಳಿಗಿಂತ ಅಡಾಪ್ಟರಿನ ಮೇಲಿನ ಈ ಚಿಕ್ಕ ಅಕ್ಷರಗಳೇ ಹೆಚ್ಚು ಸತ್ಯವನ್ನು ಹೇಳುತ್ತವೆ.

ವೇಗದ ಲೆಕ್ಕ

ಮಾಹಿತಿಯ ಹರಿವೂ ಹಂಚಿಕೆಗೆ ಒಳಪಟ್ಟದ್ದೇ. ಯುಎಸ್‌ಬಿ 2.0ರ 480 ಮೆಗಾಬಿಟ್ ಎಂದರೆ ಲೆಕ್ಕದಲ್ಲಿ ಸೆಕೆಂಡಿಗೆ 60 ಮೆಗಾಬೈಟ್. ಬಳಕೆಯಲ್ಲಿ ದೊರೆಯುವುದು ಸುಮಾರು 30ರಿಂದ 40. ಈ ವೇಗದಲ್ಲಿ 100 ಗಿಗಾಬೈಟ್ ಪ್ರವಚನಗಳ ದೃಶ್ಯಮುದ್ರಣವನ್ನು ಪ್ರತಿ ಮಾಡಲು ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ. 3.0 ಹಬ್ಬಿನ ಮೂಲಕ, ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಾಗಿಸುವ ಸಾಧಾರಣ ಹಾರ್ಡ್‌ಡಿಸ್ಕಿಗೆ ಅದೇ ಕೆಲಸ ಹದಿನೈದು ನಿಮಿಷಗಳಲ್ಲಿ ಮುಗಿಯುತ್ತದೆ.

ಇದಕ್ಕೆ ಲ್ಯಾಪ್‌ಟಾಪಿನ ಕಿಂಡಿ, ಹಬ್, ತಂತಿ, ಡಿಸ್ಕು ನಾಲ್ಕೂ 3.0 ಬಗೆಯವಾಗಿರಬೇಕು. ಒಂದು ಕೊಂಡಿ ಹಳೆಯದಾದರೂ ಇಡೀ ಸರಪಳಿ ಹಳೆಯ ವೇಗಕ್ಕೆ ಇಳಿಯುತ್ತದೆ. ಹಲವು ತಯಾರಕರು 3.0 ಕಿಂಡಿಯ ಒಳನಾಲಿಗೆಗೆ ನೀಲಿ ಬಣ್ಣ ಕೊಡುತ್ತಾರೆ. ಆದರೆ ಬಣ್ಣವೇ ಪ್ರಮಾಣವಲ್ಲ, ಪೆಟ್ಟಿಗೆಯ ಮೇಲಿನ ವಿವರವನ್ನು ಓದಬೇಕು. ಇಲ್ಲೊಂದು ಸಮಾಧಾನದ ಸಂಗತಿಯೂ ಇದೆ. 3.0 ಹಬ್ಬಿನೊಳಗೆ ಹಳೆಯ ಬಗೆಯ ಉಪಕರಣಗಳಿಗೆ ಒಂದು ದಾರಿ, ಹೊಸ ಬಗೆಯವಕ್ಕೆ ಇನ್ನೊಂದು ದಾರಿ ಪ್ರತ್ಯೇಕವಾಗಿರುತ್ತವೆ. ಆದುದರಿಂದ ಮಗ್ಗುಲಲ್ಲಿ ಹಳೆಯ ಮೌಸ್ ಇದೆಯೆಂದು ಹೊಸ ಡಿಸ್ಕಿನ ವೇಗ ಕುಂದುವುದಿಲ್ಲ. ಕೀಲಿಮಣೆ ಮತ್ತು ಮೌಸ್ ಮಾತ್ರ ಜೋಡಿಸುವವರಿಗೆ 2.0 ಹಬ್ಬೇ ಸಾಕು. ಅವರು ಹೆಚ್ಚಿನ ಹಣ ಕೊಡಬೇಕಾದ ಕಾರಣವಿಲ್ಲ.

ಒಂದು ನಿಯಂತ್ರಕಕ್ಕೆ ಒಟ್ಟು 127 ಉಪಕರಣಗಳನ್ನು ಜೋಡಿಸಬಹುದು, ಹಬ್ಬಿಗೆ ಹಬ್ ಸೇರಿಸುತ್ತ ಐದು ಹಂತದವರೆಗೆ ಹೋಗಬಹುದು ಎಂದು ನಿಯಮ ಹೇಳುತ್ತದೆ. ಇದು ಎಣಿಕೆಯ ಮೇರೆ ಮಾತ್ರ. ಮನೆಯಲ್ಲಿ ಹಬ್ಬಿಗೆ ಹಬ್ ಕಟ್ಟುವ ಪ್ರಸಂಗವೇ ಬರದಂತೆ ನೋಡಿಕೊಳ್ಳುವುದು ಲೇಸು.

ಟೈಪ್-ಸಿ ಹಬ್ಬುಗಳ ವಿಷಯ

ಹೊಸ ತೆಳು ಲ್ಯಾಪ್‌ಟಾಪುಗಳಲ್ಲಿ ಒಂದೆರಡು ಟೈಪ್-ಸಿ ಕಿಂಡಿಗಳಷ್ಟೇ ಇರುತ್ತವೆ. ಅವಕ್ಕೆಂದು ಬರುವ ಹಬ್ಬುಗಳಲ್ಲಿ ಯುಎಸ್‌ಬಿ ಕಿಂಡಿಗಳ ಜೊತೆಗೆ ಟಿವಿಗೆ ಜೋಡಿಸುವ ಎಚ್‌ಡಿಎಂಐ, ಇಂಟರ್‌ನೆಟ್ ತಂತಿಯ ಕಿಂಡಿ, ಮೆಮೊರಿ ಕಾರ್ಡಿನ ಸೀಳು, ಚಾರ್ಜರ್ ಸೇರಿಸುವ ಕಿಂಡಿ ಇರಬಹುದು. ಕೊಳ್ಳುವ ಮೊದಲು ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಮೊದಲನೆಯದು, ಎಲ್ಲ ಟೈಪ್-ಸಿ ಕಿಂಡಿಗಳೂ ಟಿವಿಗೆ ಚಿತ್ರ ಕಳಿಸುವುದಿಲ್ಲ, ಎಲ್ಲವೂ ಲ್ಯಾಪ್‌ಟಾಪನ್ನು ಚಾರ್ಜ್ ಮಾಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಆ ಸೌಲಭ್ಯದ ಉಲ್ಲೇಖವಿದ್ದರೆ ಮಾತ್ರ ಹಬ್ಬಿನಿಂದ ಪ್ರಯೋಜನ. ಎರಡನೆಯದು, ಚಾರ್ಜರನ್ನು ಹಬ್ಬಿನ ಮೂಲಕ ಕೊಟ್ಟಾಗ ಹಬ್ ತನ್ನ ಪಾಲನ್ನು ಮೊದಲೇ ತೆಗೆದಿಟ್ಟುಕೊಳ್ಳುತ್ತದೆ. 65 ವ್ಯಾಟಿನ ಚಾರ್ಜರಿನಲ್ಲಿ ಹಬ್ 15 ವ್ಯಾಟ್ ಉಳಿಸಿಕೊಂಡರೆ ಲ್ಯಾಪ್‌ಟಾಪಿಗೆ ತಲುಪುವುದು 50 ಮಾತ್ರ. ಇಲ್ಲಿಯೂ ಅದೇ ಸೂತ್ರ: ಹಂಚಿಕೆಯೇ ಹೊರತು ಉತ್ಪತ್ತಿಯಲ್ಲ.

ಅಂಗಡಿಯಲ್ಲಿ ಪರೀಕ್ಷೆ

ಪೇಟೆಗೆ ಹೋಗುವ ಮೊದಲು ಮನೆಯಲ್ಲಿಯೇ ಒಂದು ಚೀಟಿಯ ಮೇಲೆ, ಏಕಕಾಲಕ್ಕೆ ಜೋಡಿಸಬೇಕಾದ ಉಪಕರಣಗಳ ಪಟ್ಟಿ ಮಾಡಿರಿ. ಅವುಗಳಲ್ಲಿ ಹಾರ್ಡ್‌ಡಿಸ್ಕು, ಸ್ಕ್ಯಾನರುಗಳಂಥ ಭಾರದವು ಎಷ್ಟು, ಕೀಲಿಮಣೆಯಂಥ ಹಗುರವಾದವು ಎಷ್ಟು ಎಂದು ಬೇರ್ಪಡಿಸಿರಿ. ಭಾರದ್ದು ಒಂದೇ ಇದ್ದು, ಲ್ಯಾಪ್‌ಟಾಪಿನಲ್ಲಿ ಎರಡು ಕಿಂಡಿಗಳಿದ್ದರೆ, ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೂ ಉಳಿದವನ್ನು ಅಗ್ಗದ ಹಬ್ಬಿಗೂ ಹಾಕಿದರೆ ಸಾಕು. ಕೊಳ್ಳದೆ ನಿಭಾಯಿಸುವುದೂ ಒಂದು ಜಾಣತನವೇ. ಭಾರದವು ಎರಡು ಅಥವಾ ಹೆಚ್ಚಾದರೆ ಸ್ವಂತ ವಿದ್ಯುತ್ತಿನ ಹಬ್ ಕೊಳ್ಳಿರಿ.

ಗಾಂಧಿ ಚೌಕದ ಸುತ್ತಲಿನ ಅಂಗಡಿಗಳಲ್ಲಾಗಲಿ, ಬೇರೆ ಊರಿನಲ್ಲಾಗಲಿ ಕೇಳಬೇಕಾದ ಪ್ರಶ್ನೆಗಳು ಇವು. ಇದರ ವೇಗ 2.0ದೋ 3.0ದೋ? ಎಲ್ಲ ಕಿಂಡಿಗಳೂ ಅದೇ ವೇಗದವೋ, ಒಂದು ಮಾತ್ರವೋ? ಅಗ್ಗದ ಕೆಲವು ಹಬ್ಬುಗಳಲ್ಲಿ ಒಂದು ಕಿಂಡಿ ಮಾತ್ರ 3.0 ಆಗಿದ್ದು ಉಳಿದವು 2.0 ಆಗಿರುತ್ತವೆ. ಅಡಾಪ್ಟರ್ ಜೊತೆಗೆ ಬರುತ್ತದೆಯೋ, ಬೇರೆಯಾಗಿ ಕೊಳ್ಳಬೇಕೋ? ಅದರ ವೋಲ್ಟ್ ಮತ್ತು ಆಂಪಿಯರ್ ಎಷ್ಟು? ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇದೆಯೇ? ಬಿಲ್ಲು ಮತ್ತು ವಾರಂಟಿ ಕೊಡುತ್ತೀರಾ? ಮಾಹಿತಿಯ ಕಿಂಡಿಗಳಿಲ್ಲದೆ ಚಾರ್ಜ್ ಮಾಡುವುದಕ್ಕೆ ಮಾತ್ರ ಇರುವ ಕವಲುಗಳೂ ಹಬ್ಬಿನಂತೆಯೇ ಕಾಣುತ್ತವೆ; ಅವನ್ನು ಹಬ್ಬೆಂದು ಭ್ರಮಿಸಬಾರದು.

ಸಾಧ್ಯವಾದರೆ ನಿಮ್ಮ ಲ್ಯಾಪ್‌ಟಾಪ್ ಮತ್ತು ಡಿಸ್ಕನ್ನು ಅಂಗಡಿಗೇ ಒಯ್ಯಿರಿ. ಹಬ್ಬಿನ ಕಿಂಡಿಗಳೆಲ್ಲವನ್ನೂ ತುಂಬಿಸಿ, ಬೇರೆಡೆ ಪ್ರತಿ ಇರುವ ಒಂದು ದೊಡ್ಡ ಕಡತವನ್ನು ಡಿಸ್ಕಿಗೆ ಪ್ರತಿ ಮಾಡಿ ನೋಡಿರಿ. ಡಿಸ್ಕು ನಡುವೆ ಮಾಯವಾಗದೆ, ಟಿಕ್ ಟಿಕ್ ಸದ್ದು ಮಾಡದೆ ಕೆಲಸ ಮುಗಿಸಿದರೆ ಆ ಹಬ್ಬು ಪರೀಕ್ಷೆಯಲ್ಲಿ ಗೆದ್ದಂತೆ. ತಂತಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಮೊಳದುದ್ದದ ತಂತಿ ಮೇಜಿನ ಕೆಲಸಕ್ಕೆ ಸಾಕು.

ಬಳಕೆಯ ಶಿಸ್ತು

ಒಳ್ಳೆಯ ಹಬ್ ಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಮ್ಮ ಭಾಗದ ಪರಿಸ್ಥಿತಿಗೆ ತಕ್ಕ ಕೆಲವು ಎಚ್ಚರಿಕೆಗಳಿವೆ.

ಮೊದಲನೆಯದು ಕರೆಂಟು ಹೋಗುವ ವಿಷಯ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಅದು ನಡೆಯುತ್ತಲೇ ಇರುತ್ತದೆ. ಆದರೆ ಗೋಡೆಗೆ ಜೋಡಿಸಿದ ಹಬ್ಬಿನ ಅಡಾಪ್ಟರ್ ಆ ಕ್ಷಣವೇ ನಿಲ್ಲುತ್ತದೆ. ಪರದೆ ಬೆಳಗುತ್ತಿದೆಯೆಂದು ನಾವು ನಿಶ್ಚಿಂತರಾಗಿರುವಾಗಲೇ, ಬರೆಯುತ್ತಿದ್ದ ಡಿಸ್ಕು ಅರ್ಧಕ್ಕೆ ಕಡಿದುಹೋಗಿರುತ್ತದೆ. ಹಾಗಾಗಿ ಹಬ್ಬಿನ ಅಡಾಪ್ಟರನ್ನು ಯುಪಿಎಸ್ ಅಥವಾ ಇನ್ವರ್ಟರ್ ಸಂಪರ್ಕವಿರುವ ಪ್ಲಗ್ಗಿಗೇ ಹಾಕಬೇಕು. ಇನ್ವರ್ಟರ್ ಬದಲಾಗುವ ಕ್ಷಣದ ಅಂತರವನ್ನೂ ಕೆಲವು ಅಡಾಪ್ಟರುಗಳು ತಾಳವು. ಮನೆಯಲ್ಲಿ ಒಮ್ಮೆ ಮುಖ್ಯ ಸ್ವಿಚ್ಚನ್ನು ಆರಿಸಿ, ಡಿಸ್ಕಿನ ಬದಲು ಮೌಸನ್ನು ಜೋಡಿಸಿ ಪರೀಕ್ಷಿಸುವುದು ಒಳ್ಳೆಯದು. ಮೌಸಿನ ದೀಪ ಮಿಣುಕಿದರೆ ಡಿಸ್ಕೂ ಕಡಿದುಹೋದೀತೆಂದು ತಿಳಿಯಬೇಕು. ಯುಪಿಎಸ್, ಇನ್ವರ್ಟರ್ ಎರಡೂ ಇಲ್ಲದ ಮನೆಯವರು ಮಹತ್ವದ ಪ್ರತಿ ಮಾಡುವಾಗ ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೇ ಜೋಡಿಸುವುದು ಕ್ಷೇಮ.

ಎರಡನೆಯದು ಅಡಾಪ್ಟರುಗಳ ಅದಲುಬದಲು. ಹಬ್ಬುಗಳಲ್ಲಿ 5 ವೋಲ್ಟಿನವೂ 12 ವೋಲ್ಟಿನವೂ ಇವೆ; ಸೇರಿಸುವ ಪಿನ್ನು ಒಂದೇ ಗಾತ್ರದ್ದಾಗಿರಬಹುದು. 5 ವೋಲ್ಟಿನ ಹಬ್ಬಿಗೆ ಮನೆಯ ರೌಟರಿನ 12 ವೋಲ್ಟಿನ ಅಡಾಪ್ಟರನ್ನು ಹಾಕಿದರೆ ಹಬ್ಬಿನೊಂದಿಗೆ ಅದಕ್ಕೆ ಜೋಡಿಸಿದ ಉಪಕರಣಗಳೂ ಸುಡಬಹುದು. ಎರಡಕ್ಕೂ ಒಂದೇ ಬಣ್ಣದ ಕಾಗದ ಅಂಟಿಸಿ ಗುರುತು ಮಾಡಿಡುವುದು ಸರಳ ಉಪಾಯ.

ಮೂರನೆಯದು ತಂತಿಯಿಲ್ಲದ ಮೌಸಿನ ತೊಂದರೆ. 3.0 ಹಬ್ಬು ಕೆಲಸ ಮಾಡುವಾಗ ಹೊಮ್ಮುವ ವಿದ್ಯುತ್ಕಾಂತ ಅಲೆಗಳು, ತಂತಿಯಿಲ್ಲದ ಮೌಸ್ ಮತ್ತು ಕೀಲಿಮಣೆಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಯಾಗುತ್ತವೆಂದು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಕಟಿಸಿದೆ. ಡಿಸ್ಕು ಓಡುತ್ತಿರುವಾಗ ಮೌಸಿನ ಬಾಣ ತಡವರಿಸಿದರೆ ಮೌಸ್ ಕೆಟ್ಟಿತೆಂದು ಎಸೆಯಬೇಡಿರಿ. ಅದರ ಚಿಕ್ಕ ಗ್ರಾಹಕವನ್ನು ಹಬ್ಬಿನಿಂದ ತೆಗೆದು ಲ್ಯಾಪ್‌ಟಾಪಿನ ಇನ್ನೊಂದು ಮಗ್ಗುಲಿಗೆ ಹಾಕಿರಿ.

ನಾಲ್ಕನೆಯದು ಬಿಸಿಲು ಮತ್ತು ಧೂಳು. ನಮ್ಮ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಅಪರೂಪವಲ್ಲ. ಹಬ್ಬನ್ನು ಕಿಟಕಿಯ ಬಿಸಿಲಿನಲ್ಲಿ, ಬಟ್ಟೆಯ ಮೇಲೆ, ಲ್ಯಾಪ್‌ಟಾಪಿನ ಬಿಸಿಗಾಳಿ ಬರುವೆಡೆಯಲ್ಲಿ ಇಡಬಾರದು. ಬಳಸದ ಕಿಂಡಿಗಳಿಗೆ ಮುಚ್ಚಳ ಹಾಕಿಟ್ಟರೆ ಧೂಳು ಸೇರದು. ಪೂಜೆಯ ವಿಭೂತಿಯ ಪುಡಿ, ಹಿಟ್ಟಿನ ಪುಡಿ ಇವುಗಳಿಂದಲೂ ದೂರವಿರಲಿ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮಹತ್ವದ ಕಡತಗಳನ್ನು ಎಂದಿಗೂ ಕತ್ತರಿಸಿ ಅಂಟಿಸಬಾರದು, ಪ್ರತಿ ಮಾಡಬೇಕು. ಪ್ರತಿಯನ್ನು ತೆರೆದು ನೋಡಿ, ಸರಿಯಾಗಿದೆಯೆಂದು ದೃಢವಾದ ಮೇಲೆಯೇ ಮೂಲವನ್ನು ಅಳಿಸುವ ಮಾತು. ಡಿಸ್ಕನ್ನು ಕೀಳುವ ಮೊದಲು ಗಣಕಯಂತ್ರದಲ್ಲಿ ಸುರಕ್ಷಿತವಾಗಿ ಹೊರತೆಗೆಯುವ ಆಜ್ಞೆಯನ್ನು ಕೊಟ್ಟು, ಅದರ ಅನುಮತಿ ಬಂದ ಮೇಲೆ ಕೀಳಬೇಕು. ಎರಡು ಡಿಸ್ಕುಗಳಲ್ಲಿ ಎರಡು ಪ್ರತಿ ಇರಲಿ. ಅವೆರಡನ್ನೂ ಸದಾ ಒಂದೇ ಹಬ್ಬಿಗೆ ಜೋಡಿಸಿ ಇಡಬಾರದು. ಒಂದು ಸಿಡಿಲಿನ ಹೊಡೆತಕ್ಕೆ ಎರಡೂ ಒಟ್ಟಿಗೆ ಹೋದಾವು. ಒಂದು ಡಿಸ್ಕು ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಇರಲಿ.

ಪ್ರತಿ ಮಾಡುವುದು ಪರಂಪರೆಯ ರಕ್ಷಣೆ

ಇಷ್ಟು ಚಿಕ್ಕ ಸಾಧನದ ವಿಷಯದಲ್ಲಿ ಇಷ್ಟು ದೀರ್ಘವಾದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರ ನಮ್ಮ ವಿಜಯಪುರದ ಇತಿಹಾಸದಲ್ಲಿಯೇ ಇದೆ. ವಕೀಲಿ ವೃತ್ತಿಯಲ್ಲಿದ್ದ ಡಾ. ಫ. ಗು. ಹಳಕಟ್ಟಿಯವರು ಊರೂರಿನ ಮನೆಗಳಲ್ಲಿ, ಮಠಗಳಲ್ಲಿ ಮೂಲೆ ಸೇರಿದ್ದ ತಾಡೋಲೆಯ ಕಟ್ಟುಗಳನ್ನು ಹುಡುಕಿ ತೆಗೆದು, ಓದಿ, ಪ್ರತಿ ಮಾಡಿ, ಅಚ್ಚಿಗೆ ಕೊಟ್ಟರು. 1923ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದಿತು. 1925ರಲ್ಲಿ ಈ ಊರಿನಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಒಂದೇ ಕಟ್ಟಿನಲ್ಲಿ, ಒಂದೇ ಅಟ್ಟದ ಮೇಲೆ ಇದ್ದದ್ದು ಹುಳುವಿಗೋ ಬೆಂಕಿಗೋ ಆಹುತಿಯಾಗಬಹುದಿತ್ತು. ಅದು ಅಚ್ಚಾಗಿ ನೂರಾರು ಮನೆಗಳನ್ನು ಸೇರಿದ್ದರಿಂದ ಉಳಿಯಿತು. ಅವರು ಹುಟ್ಟಿದ ದಿನವಾದ ಜುಲೈ 2ನ್ನು ಕರ್ನಾಟಕದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುವುದು ಈ ಮಹಾಕಾರ್ಯದ ಸ್ಮರಣೆಗಾಗಿಯೇ.

ಇಂದು ಆ ಕಾರ್ಯದ ಒಂದು ಪುಟ್ಟ ಪಾಲು ಪ್ರತಿಯೊಂದು ಮನೆಗೂ ಬಂದಿದೆ. 2023ರ ಜನವರಿ 2ರಂದು ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರು ನಮ್ಮನ್ನು ಅಗಲಿದ ಮೇಲೆ, ಅವರ ಪ್ರವಚನಗಳ ಧ್ವನಿಯನ್ನು ಮನೆಮನೆಗಳಲ್ಲಿ ಕಾಪಾಡಿಕೊಂಡವರಿದ್ದಾರೆ. ಹಿರಿಯರ ಕೈಬರಹ, ತಾಯಂದಿರ ಹಾಡು, ಮನೆತನದ ಕಾಗದಪತ್ರ, ಇವೆಲ್ಲ ಈಗ ಡಿಸ್ಕಿನೊಳಗಿನ ಕಡತಗಳಾಗಿವೆ. ಹಳಕಟ್ಟಿಯವರಿಗೆ ಮುದ್ರಣಯಂತ್ರ ಇದ್ದಂತೆ ನಮಗೆ ಈ ಡಿಸ್ಕು, ಈ ಹಬ್. ಅವರು ತಮ್ಮ ಯಂತ್ರದ ಮೊಳೆಮೊಳೆಯನ್ನೂ ಅರಿಯದೆ ಆ ಕೆಲಸ ನಡೆಯುತ್ತಿರಲಿಲ್ಲ. ನಾವು ನಮ್ಮ ಮೇಜಿನ ಮೇಲಿನ ಸಾಧನದ ಶಕ್ತಿ ಎಷ್ಟೆಂಬುದನ್ನಾದರೂ ಅರಿಯಬೇಡವೇ?

ದಾಸೋಹದ ಮನೆಯಲ್ಲಿ ಪಂಕ್ತಿಗೆ ಎಷ್ಟು ಜನ ಕೂಡುವರೆಂದು ತಿಳಿದೇ ಒಲೆಯ ಮೇಲೆ ಹಂಡೆ ಏರಿಸುತ್ತಾರೆ. ಹಂಡೆ ಚಿಕ್ಕದಿದ್ದರೆ ತಟ್ಟೆಗಳನ್ನು ಹೆಚ್ಚಿಸಿ ಫಲವಿಲ್ಲ. ಕೊನೆಯ ಪಂಕ್ತಿಯವರು ಹಸಿದೇ ಏಳುತ್ತಾರೆ. ಹಬ್ಬಿನ ಕಿಂಡಿಗಳು ತಟ್ಟೆಗಳಿದ್ದಂತೆ, ವಿದ್ಯುತ್ತು ಹಂಡೆಯೊಳಗಿನ ಪ್ರಸಾದವಿದ್ದಂತೆ. ಮುಂದಿನ ಸಲ ಹಬ್ ಕೊಳ್ಳಲು ಹೊರಟಾಗ ಕಿಂಡಿಗಳನ್ನು ಎಣಿಸುವುದಕ್ಕಿಂತ ಮೊದಲು ಅಡಾಪ್ಟರನ್ನು ತಿರುವಿ ಅದರ ಬೆನ್ನಿನ ಮೇಲಿನ ಅಂಕೆಗಳನ್ನು ಓದಿರಿ. ಈ ವಾರವೇ ಬಿಡುವು ಮಾಡಿಕೊಂಡು, ಮನೆಯಲ್ಲಿ ಒಂದೇ ಪ್ರತಿ ಇರುವ ಕಡತಗಳಾವುವು ಎಂದು ಹುಡುಕಿ, ಅವುಗಳಿಗೆ ಇನ್ನೊಂದು ಪ್ರತಿ ಮಾಡಿರಿ. ಹಿರಿಯರು ಬದುಕಿರುವಾಗಲೇ ಅವರ ಮುಂದೆ ಕುಳಿತು ಮಾಡಬಹುದಾದ ಸೇವೆ ಇದು.